ದಾರಿಯೋ

ಹೆಸರೇನು ಸಾರ್ ಅಂದೆ. ದಾರಿಯೋ, ಅಂದ.
ಹೌದು ಸಾರ್, ಇದೇ ದಾರಿ, ಹಗರೆ ದಾಟಿ ಬೇಲೂರು,
ಅಲ್ಲಿಂದ ಚಿಕ್ಕಮಗಳೂರು, ಅಂದೆ.
ಅವನು ನಕ್ಕ. ಯಾಕೆ ಅಂತ ತಿಳಿಯಲು
ನನಗೆ ಹಾಸನದ ರಿಂಗ್ ರೋಡು ಪೂರ್ತಿ ಬೇಕಾಯ್ತು.

ಕಾಫಿ ಕೊಳ್ಳಲು ಇಟಲಿಯಿಂದ ಬಂದವನು ಅವನ ಭಾವಮೈದ,
ಹಿಂದಿನ ಸೀಟಲ್ಲಿ ಸ್ಯಾಂಪಲ್ ಪೊಟ್ಟಣಗಳ ನಡುವೆ ಗೊರಕೆ.
ಇವನು ಮುಂದೆ, ನನ್ನ ಪಕ್ಕ, ಬಲಮಂಡಿಯನ್ನು
ಯಾರದೋ ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು.
ಇಬ್ಬರದೂ ಹರಕು ಇಂಗ್ಲಿಷು.
ಹರಕಿಗೆ ಹರಕು ಹೊಲಿದರೆ ಕೌದಿ ಆಗುತ್ತಲ್ಲ,
ಹಾಗೆ ನಡೆಯಿತು ಮಾತು.

ಹದಿನೆಂಟು ವರ್ಷ ಆಡಿದನಂತೆ, ನಡುಮೈದಾನದಲ್ಲಿ.
ಒಟ್ಟು ನಾಲ್ಕು ಗೋಲು,
ಅದರಲ್ಲೊಂದು ಸ್ವಂತ ತಂಡದ ಮೇಲೆಯೇ.
ದೊಡ್ಡ ಕ್ಲಬ್ಬು ಒಮ್ಮೆ ಕರೆದು
ಆರು ವಾರ ಬೆಂಚು ಕಾಯಿಸಿ ವಾಪಸ್ ಕಳಿಸಿತ್ತು.
ಉಳಿದದ್ದೆಲ್ಲ ಎರಡನೇ ದರ್ಜೆ, ಮೂರನೇ ದರ್ಜೆ,
ಗೋಡೆಯಾಚೆ ಸಿಮೆಂಟು ಕಾರ್ಖಾನೆ ಇರುವ ಊರುಗಳು.
ಮುಂದಿನವನಿಗೆ ಚೆಂಡು ಕೊಡುತ್ತಿದ್ದೆ,
ಪೇಪರಿನಲ್ಲಿ ಅವನ ಫೋಟೋ ಬರುತ್ತಿತ್ತು,
ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ, ಅದು ನಾನು,
ಅಂದ.

ಆಮೇಲೆ ಮಂಡಿ ಹೋಯಿತು. ಕಣ್ಣು ಉಳಿಯಿತು.
ಪೆಟ್ರೋಲಿಗೆ ಕಾಸು ಕೊಟ್ಟು, ಹುಡುಗರನ್ನು ನೋಡಿಕೊಂಡು ಬಾ ಅಂದರು.
ಇಪ್ಪತ್ತೆರಡು ವರ್ಷ ತಂತಿಬೇಲಿಗೆ ಆನಿಕೊಂಡು ನೋಡಿದ್ದಾನೆ.
ದನದ ವ್ಯಾಪಾರಿಯ ಹಾಗೆ ಕಾಲು, ಹಲ್ಲು ನೋಡ್ತೀರಾ ಸಾರ್?
ಕತ್ತು ನೋಡುತ್ತೇನೆ, ಅಂದ.
ಚೆಂಡು ಇನ್ನೂ ಬರುತ್ತಿರುವಾಗಲೇ
ಯಾರ ಕತ್ತು ಹಿಂದಕ್ಕೆ ತಿರುಗುತ್ತದೋ
ಅವನಿಗೆ ಗೊತ್ತು ತಾನು ಎಲ್ಲಿದ್ದೇನೆಂದು.

ಯಗಚಿ ಸೇತುವೆಯ ಮೇಲೆ ತಾನೇ ಶುರು ಮಾಡಿದ:
ಒಬ್ಬ ಹನ್ನೊಂದು ವರ್ಷದವನಿಗೆ ‘ಬೇಡ’ ಅಂತ ಬರೆದೆ.
ಈಗ ನಮ್ಮ ಬೀದಿಯಲ್ಲೇ ಮೀನಂಗಡಿ ಇಟ್ಟಿದ್ದಾನೆ.
ನನಗೆ ತೂಕದಲ್ಲಿ ಹೆಚ್ಚೇ ಹಾಕುತ್ತಾನೆ.
ಅಷ್ಟು ಹೇಳಿ ಹೊರಗೆ ನೋಡಿದ.

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನ ಕಣದಲ್ಲಿ
ಬೀಜ ಬಾಚಿ ಟಾರ್ಪಾಲು ಹೊದೆಸಿದ ಮೇಲೆ
ಜಾರ್ಖಂಡಿನ ಕೂಲಿಯವರ ಮಕ್ಕಳು ಆಡುತ್ತಿದ್ದರು,
ಗೋಣಿಚೀಲದ ಎರಡು ಅಟ್ಟಿಯೇ ಗೋಲು.
ಭಾವಮೈದ ಒಳಗೆ ಚಮಚದಿಂದ ಕಾಫಿ ಸೊರ್ರನೆ ಹೀರಿ
ಉಗಿದು, ಮತ್ತೆ ಹೀರಿ, ಉಗಿಯುತ್ತಿದ್ದ.
ಫುಲ್ಮಣಿ ಅಂತ ಒಂದು ಹುಡುಗಿ, ಸೊಂಟದಲ್ಲಿ ತಮ್ಮ.
ಚೆಂಡು ಬರುವ ಮುಂಚೆ
ಎಡ ಹೆಗಲ ಮೇಲಿಂದ ಒಮ್ಮೆ, ಬಲದಿಂದ ಒಮ್ಮೆ;
ಕಂಕುಳ ಕೂಸೂ ಅವಳ ಜೊತೆಗೇ ಕತ್ತು ತಿರುಗಿಸುತ್ತಿತ್ತು.
ಇವನು ಜೇಬಿನ ಪುಸ್ತಕ ತೆಗೆದ. ಪೆನ್ನಿನ ಕ್ಯಾಪು ಬಿಚ್ಚಿದ.
ಬಹಳ ಹೊತ್ತು ಬರೆಯಲಿಲ್ಲ.
ಯಾರಿಗೆ ಅಂತ ಬರೆಯುವುದು.

ವಾಪಸ್ಸು ಕತ್ತಲು. ಮುಂದೆ ಶುಂಠಿ ತುಂಬಿದ ಲಾರಿ.
ಎಡಗನ್ನಡಿ, ನೆತ್ತಿಯ ಕನ್ನಡಿ, ಬಲಗನ್ನಡಿ,
ಆಮೇಲೆ ಗೇರು ಬದಲಿಸಿ ದಾಟಿದೆ.
ನಿನ್ನ ಬನಿಯನ್ನಿನ ನಂಬರು ಎಷ್ಟಿತ್ತು? ಅಂದ.

ನಾನು ಹೇಳೇ ಇರಲಿಲ್ಲ.
ಹೆಂಡತಿಗೇ ಹೇಳಿಲ್ಲ: ತೊಂಬತ್ತೊಂದರಲ್ಲಿ
ಹಾಸನದ ಜಿಲ್ಲಾ ಮೈದಾನದಲ್ಲಿ
ಭದ್ರಾವತಿ ಕಾರ್ಖಾನೆಯವರ ಮೇಲೆ ಆಡಿದ್ದು,
ಬೇಲಿಯಾಚೆ ಇಬ್ಬರೇ ನಿಂತು ನೋಡಿದ್ದು,
ಅವರಲ್ಲೊಬ್ಬ ಕಡ್ಲೆಕಾಯಿ ಮಾರುವವನು.

ಆರು, ಅಂದೆ.
ಪುಸ್ತಕ ಮತ್ತೆ ತೆಗೆದ. ಹೆಸರು? ಈರಾಚಾರಿ.
ಅಕ್ಷರ ಅಕ್ಷರ ಬಿಡಿಸಿ ಹೇಳಿಸಿಕೊಂಡ. ವಯಸ್ಸು? ಐವತ್ತಮೂರು.
ಡ್ಯಾಶ್‌ಬೋರ್ಡಿನ ಮಂದ ಬೆಳಕಿನಲ್ಲಿ ಕಂಡೆ,
ನನಗಿಂತ ಮೇಲೆ ಇನ್ನೊಂದು ಹೆಸರಿತ್ತು,
ಕೆಳಗೆ ಎರಡು ಗೆರೆ ಎಳೆದಿದ್ದ.

ಲಾಡ್ಜಿನ ಮುಂದೆ ಬಾಡಿಗೆ ಲೆಕ್ಕ.
ಐನೂರರ ನೋಟಿಗೆ ನನ್ನಲ್ಲಿ ಚಿಲ್ಲರೆ ಇಲ್ಲ.
ಲೈಟುಕಂಬದ ಕೆಳಗೆ ಇಬ್ಬರೂ
ಬಹಳ ಹೊತ್ತು ಜೇಬು ತಡಕುತ್ತ ನಿಂತೆವು.