ಆಯ್ತು

ಡಾಲ್ಡಾ ಡಬ್ಬದ ಮೇಲೆ ಅಪ್ಪ
ಗೇಟಿಗೆ ಬಳಿದು ಮಿಕ್ಕ ಹಸಿರು ಬಣ್ಣದಲ್ಲಿ
ಬರೆದಿದ್ದ: ಕರ್ತನದು.
ಎಸರಿಟ್ಟಾಗಲೆಲ್ಲ ಅವ್ವ
ನಮ್ಮ ಪಾಲಿನಿಂದ ಒಂದು ಹಿಡಿ ಅಕ್ಕಿ ತೆಗೆದು
ಅದರೊಳಗೆ ಸುರಿಯುವಳು.
ಭಾನುವಾರ ಡಬ್ಬ ಹೊರುವ ಕೆಲಸ ನನ್ನದು.
ಹೊಳಲು ಸರ್ಕಲ್ ದಾಟಿ ಚರ್ಚಿನ ಮೆಟ್ಟಿಲವರೆಗೂ
ಒಳಗೆ ಅಕ್ಕಿ ಗಿಲಕಿಯಂತೆ ಸದ್ದು ಮಾಡುತ್ತಿತ್ತು.

ಸಕ್ಕರೆ ಕಾರ್ಖಾನೆ ಕೂಗದ ಆಷಾಢ ಅದು.
ಹೊಗೆಯಿಲ್ಲದ ಚಿಮಣಿ ಬರೀ ಕಂಬ.
ಅಪ್ಪ ಬಾಯ್ಲರ್ ಮನೆಯ ಖಾಕಿ ಅಂಗಿಯನ್ನು
ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದ.
ಗೋಡೆಯಾಚೆಯಿಂದ ಸಾಕಮ್ಮ ಕೂಗಿದರು:
'ಜೀವಮಣಿ, ಊಟ ಆಯ್ತಾ?'
'ಆಯ್ತು ಕನಕ್ಕ' ಎಂದಳು ಅವ್ವ,
ಬೋರಲು ಹಾಕಿದ ಪಾತ್ರೆಗಳ ನಡುವೆ ನಿಂತು.

ಸುಳ್ಳಾಡಬಾರದು ಅಂತ ಸಂಡೇ ಸ್ಕೂಲಿನಲ್ಲಿ
ಬಾಯಿಪಾಠ ಮಾಡಿಸುವವಳು ನೀನೇ ಅಲ್ಲವೇ,
ಕೇಳಿಯೇಬಿಟ್ಟೆ.
ನಕ್ಕಳೋ ಇಲ್ಲವೋ ನೆನಪಿಲ್ಲ.
'ನಾನು ಕರೆದಾಗ ಬಂದೆ ಬಂದೆ ಅಂತೀಯಲ್ಲ,
ಇನ್ನೂ ಗೋಲಿ ಎಣಿಸ್ತಾ ಕೂತಿರ್ತೀಯ.
ಅದೇನ್ ಸುಳ್ಳಾ?'

ಆಮೇಲೆ ಹಸಿರು ಅಕ್ಷರದ ಡಬ್ಬ ಇಳಿಸಿ
ಮುಚ್ಚಳ ತೆಗೆದಳು.
ಅಪ್ಪ ಎದ್ದು ಹೊರಗೆ ಹೋದ.
ನಾನು ಮೇಲೆ ನೋಡಿದೆ, ಹೆಂಚಿನ ಸಂದಿಯಲ್ಲಿ
ಯಾರಾದರೂ ಇಣುಕುತ್ತಿದ್ದಾರೇನೋ ಎಂದು.
'ಕದೀತಿಲ್ಲ ಕನ್ಲಾ. ಕೇಳಿ ಈಸ್ಕತಾ ಇವ್ನಿ.'
ನಾಲ್ಕು ಪಾವು ಅಳೆದಳು.
ಇನ್ನೊಂದು ಮಾತು, ಈವರೆಗೆ ಯಾರಿಗೂ ಹೇಳಿಲ್ಲ:
ಆ ಸಾಲದ ಅಕ್ಕಿಯಿಂದಲೂ ಒಂದು ಹಿಡಿ ತೆಗೆದು
ಮತ್ತೆ ಅದೇ ಡಬ್ಬಕ್ಕೆ ಹಾಕಿದಳು.

ಬಿಸಿ ಅನ್ನ. ಗೋಡೆ ದಾಟಿ ಬಂದ
ಸಾಕಮ್ಮನ ಉಪ್ಸಾರು.
ಅಪ್ಪ ಮೊದಲ ತುತ್ತು ಕೈಯಲ್ಲಿ ಹಿಡಿದು
ಬಹಳ ಹೊತ್ತು ಪ್ರಾರ್ಥಿಸಿದ,
ಅಥವಾ ಸುಮ್ಮನೆ ಕೂತಿದ್ದ.

ಈಗ ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು,
ಜಮೆ ಒಂದು ಕಡೆ, ಖರ್ಚು ಒಂದು ಕಡೆ.
ಆ ನಾಲ್ಕು ಪಾವನ್ನು ಯಾವ ಕಡೆಗೆ ಎಳೆದರೂ
ತಾಳೆಯಾಗುವುದಿಲ್ಲ.
ಕೊಟ್ಟವರು ನಾವೇ, ತಿಂದವರು ನಾವೇ,
ನಡುವೆ ಒಂದು ಹೆಸರು, ಹಸಿರು ಬಣ್ಣದಲ್ಲಿ.
ಕಾರ್ಖಾನೆ ಕೂಗಿದ್ದು ಅಲ್ಲಿಂದ ಇಪ್ಪತ್ತು ದಿನಕ್ಕೆ.
ಅಷ್ಟು ದಿನ ಹೇಗಾಯಿತೆಂದು ಕೇಳಿದರೆ
ಅವ್ವ ಬೆರಳು ಮಡಚುತ್ತಾಳೆ:
ಅಯ್ಯನೋರ ಮನೆಯ ಬಟ್ಟೆ ಹೊಲಿಗೆ,
ಯಾರೋ ತೀರಿಸಿದ ಹಳೇ ಹನ್ನೊಂದು ರೂಪಾಯಿ,
ಹಿತ್ತಲಲ್ಲಿ ತಾನಾಗಿ ಎದ್ದ ಅಣ್ಣೆಸೊಪ್ಪು...
ಅರ್ಧಕ್ಕೇ ಬಿಟ್ಟು, 'ಆಯ್ತಲ್ಲ' ಎನ್ನುತ್ತಾಳೆ.

ಕೆಲವು ರಾತ್ರಿ ನಾನೂ ಕರೆಯುತ್ತೇನೆ,
ಅವಳಷ್ಟು ಗಟ್ಟಿಯಾಗಿ ಅಲ್ಲ,
ಪಕ್ಕದವರಿಗೆ ಕೇಳಿಸದಂತೆ.
ಒಳಗಿನ ಕೋಣೆಯಿಂದ ಯಾರೋ
'ಬಂದೆ' ಅಂದಂತಾಗುತ್ತದೆ.
ಇನ್ನೂ ಚಪ್ಪಲಿ ಹುಡುಕುತ್ತಿರಬಹುದು.
ಚಿಲಕ ತೆಗೆದಿಟ್ಟಿದ್ದೇನೆ.