ಟೇಪು ಹಿಡಿದವಳು

ಮೊದಲೆಲ್ಲ ನಾನು ಮನೆ ನೋಡುವ ಮುಂಚೆಯೇ ಫೋನು:
‘ಬರ್ನಡೆಟ್, ಎರಡು ಲಕ್ಷ ಹತ್ತು ಸಾವಿರ ಬೇಕಿತ್ತು,
ಸ್ವಲ್ಪ ನೋಡು.’
ಅಂಗಿ ಹೊಲಿದಿಟ್ಟು ಆಮೇಲೆ ಮೈ ಅಳೆಯಲು ಕರೆದ ಹಾಗೆ.
ಒಮ್ಮೆ ಆಗುವುದಿಲ್ಲ ಅಂದೆ.
ಹನ್ನೊಂದು ತಿಂಗಳು ಕೆಲಸವಿಲ್ಲ.

ಈಗ ಕಾಯಿದೆ ಬಂದಿದೆ. ಸಾಲ ಮಾರುವವನಿಗೂ ನನಗೂ ನಡುವೆ ಗೋಡೆ.
ಬೇಕಾದ ಬೆಲೆಯನ್ನು ಅವನು ಹೇಳಕೂಡದು,
ಬೇಕಾದವಳೆಂದು ನನ್ನನ್ನು ಆರಿಸಕೂಡದು.
ಯಾರ ಹಂಗೂ ಇಲ್ಲದೆ ಹತ್ತುತ್ತೇನೆ
ಟೊಲೀಡೊದ ಈ ನಾಲ್ಕು ಮೆಟ್ಟಿಲು,
ಟೇಪು, ಟಾರ್ಚು, ಬೂಟಿಗೆ ನೀಲಿ ಚೀಲ.

ಬಾಗಿಲು ತೆರೆದವಳು ಪಕ್ಕದ ಮನೆಯ ಬಿಳಿ ಹೆಂಗಸು.
‘ಒಡೆಸ್ಸಾ ಕೆಲಸಕ್ಕೆ ಹೋಗಿದ್ದಾಳೆ’ ಅಂದಳು, ಎತ್ತಲೋ ನೋಡುತ್ತ.
ಮೂರು ಕೋಣೆ. ಹೊಸ ಫರ್ನೇಸು.
ನೆಲಮಾಳಿಗೆಯ ಮೂಲೆಯಲ್ಲಿ ಅಂಗೈಯಗಲ ತೇವ.
ಬರೆದುಕೊಂಡೆ.

ಹಜಾರದ ಗೋಡೆಯಲ್ಲಿ ಏಳು ಮೊಳೆ,
ಒಂದೊಂದರ ಕೆಳಗೂ ಬಣ್ಣ ಮಾಸದ ಒಂದು ಚೌಕ.
ಯಾರ್ಯಾರ ಮುಖವೋ,
ನಾನು ಬರುತ್ತೇನೆಂದು ಇಳಿಸಿಟ್ಟಿದ್ದಾರೆ.
ನನ್ನ ಫಾರಂನಲ್ಲಿ ಇದಕ್ಕೆ ಕಲಂ ಇಲ್ಲ.

ಹೊರಗೆ ಬಂದರೆ, ಎದುರು ಬದಿಯಲ್ಲಿ ನಿಂತ ಕಾರಿನೊಳಗೆ
ಒಬ್ಬ ಕರಿಯ ಹೆಂಗಸು, ನರ್ಸಿನ ಸಮವಸ್ತ್ರದಲ್ಲಿ,
ಎರಡೂ ಕೈ ಸ್ಟೀರಿಂಗಿನ ಮೇಲೆ,
ಎಲ್ಲಿಗೂ ಹೊರಟಿಲ್ಲ.

ಫೋನು ಬರಲಿಲ್ಲ. ಯಾರೂ ಏನೂ ಕೇಳಲಿಲ್ಲ.
ಆದರೂ ಹೋಲಿಕೆಗೆಂದು ನಾನು ಗುರುತು ಹಾಕಿಟ್ಟ ಮೂರು ಮನೆಗಳೂ
ರೈಲುಹಳಿಯ ಈಚೆಗೇ ಇದ್ದವು.
ಯಾರು ಹೇಳಿದ್ದರು?

ಎರಡನ್ನು ಹೊಡೆದುಹಾಕಿ
ಗೇಟು ತೆರೆಯುವವರೆಗೆ ಕಾದೆ,
ಹಳಿ ದಾಟಲು.