ಒಂಬತ್ತು ನೂರ ನಾಲ್ಕು, ಕೂಲಂಗಾಟ

ಕೌಂಟರಿನ ಹುಡುಗ ಕಾರ್ಡು ತಿರುಗಿಸಿ ನೋಡಿದ:
"ಹದಿನೈದು ಪರ್ಸೆಂಟು ನಮ್ಮ ರೂಮುಗಳಿಗೆ ಮಾತ್ರ.
ಇದು ನಮ್ಮದಲ್ಲ, ಗ್ಲೆನಿಸ್ ಅವರದ್ದು."
ಅದೇ ಕಟ್ಟಡ, ಅದೇ ಲಿಫ್ಟು, ಅದೇ ಕಡಲು.
ಟವೆಲ್ಲು ಮಾತ್ರ ಬೇರೆ.

ಹತ್ತು ವರ್ಷದ ಚಿನ್ನದ ಬಣ್ಣದ ಕಾರ್ಡು
ಪರ್ಸಿಗೆ ಮರಳಿತು,
ಮದುವೆಮನೆಯಲ್ಲಿ ಯಾರೂ ಗುರುತು ಹಿಡಿಯದ
ನೆಂಟನ ಹಾಗೆ.

ಫ್ರಿಜ್ಜಿನ ಮೇಲೆ ಆಕೆಯ ಓರೆ ಅಕ್ಷರ:
ಬಾಲ್ಕನಿ ಬಾಗಿಲು ಕೊಂಚ ಎತ್ತಿ ಸರಿಸಿ.
ಗಿಣಿಗಳಿಗೆ ಬ್ರೆಡ್ಡು ಬೇಡ, ಎಷ್ಟೇ ಗೋಗರೆಯಲಿ.

ಒಂದು ಬೀರುವಿಗೆ ಮಾತ್ರ ಬೀಗ.
ನನ್ನವಳು ಸಂದಿಗೆ ಕಣ್ಣಿಟ್ಟು ವರದಿ ಕೊಟ್ಟಳು:
ಮೀನಿನ ಗಾಳ ಎರಡು, ಗಂಡಸಿನ ಹುಲ್ಲುಟೋಪಿ,
ಮತ್ತೇನೋ, ಕತ್ತಲು.

ಬುಕ್ ಮಾಡುವಾಗ ಚೌಕಾಸಿಗಿಳಿದಿದ್ದೆ:
ಆರು ರಾತ್ರಿ ಇರುತ್ತೇವೆ, ನೂರು ಡಾಲರು ಬಿಡಿ.
ಉತ್ತರ ಬಂದಿತ್ತು, ನಡುರಾತ್ರಿ ಎರಡಕ್ಕೆ:
"ಎಂಬತ್ತು ಬಿಡುತ್ತೇನೆ, ಬಾಲ್ಕನಿಯ ನಿಂಬೆಗಿಡಕ್ಕೆ
ದಿನಾ ನೀರು ಹಾಕುವುದಾದರೆ. ಅವನು ನೆಟ್ಟದ್ದು."
ಅವನು ಯಾರೆಂದು ಬರೆದಿರಲಿಲ್ಲ.
ಗೆದ್ದೆ ಎಂದುಕೊಂಡು ಮಲಗಿದ್ದೆ.

ಹೊರಡುವ ಬೆಳಿಗ್ಗೆ, ಟ್ಯಾಕ್ಸಿ ಕೆಳಗೆ ಕಾಯುತ್ತಿರಲು,
ಚೆಂಬು ಸಿಗದೆ ಟೀ ಕಪ್ಪಿನಲ್ಲೇ
ನಾಲ್ಕು ಸಲ ಮೊಗೆದು ಹಾಕಿದೆ,
ಲೆಕ್ಕಕ್ಕಿಂತ ಎರಡು ಹೆಚ್ಚು.